ಥರ್ಜಾ ಎಣಿಸಿದ ಜೋಡಿ

"ಅಪ್ಪ ಕೊರಳು ಮುರಿದ, ಮಗಳು ಕಾಳು ಹಾಕ್ತಾಳೆ." ಥರ್ಜಾ ಗಮರಿಯ ಮಾತು ಬಂದಾಗಲೆಲ್ಲ ನಮ್ಮ ಪೆರಿ ಲೇನಿನ ಜನ ಶುರು ಮಾಡುತ್ತಿದ್ದುದೇ ಹೀಗೆ. ಪಬ್ಬಿನಲ್ಲಿ ಕೂತವರು ಅದಕ್ಕೆ ಇನ್ನಷ್ಟು ಸೇರಿಸುತ್ತಿದ್ದರು. ತನ್ನ ಬ್ರೆಡ್ಡಿಗೆ ಬೆಣ್ಣೆ ಸವರೋದಕ್ಕೆ ಹಿಂದೆಮುಂದೆ ನೋಡೋ ಹೆಂಗಸು, ಹಕ್ಕಿಗೆ ಮಾತ್ರ ಸಿಪ್ಪೆ ಸುಲಿದ ಸೂರ್ಯಕಾಂತಿ ಬೀಜವೇ ಆಗಬೇಕು ಅಂತಾಳೆ. ಹಿತ್ತಲನ್ನ ಕಾಡು ಮಾಡಿ ಇಟ್ಟಿದ್ದಾಳೆ. ಹಕ್ಕಿ ನೋಡ್ತಾ ನೋಡ್ತಾ ಮದುವೆಯಾಗೋದನ್ನೇ ಮರೆತಳು. ಕೊನೆಯ ಮಾತನ್ನು ಅವಳ ಎದುರಿಗೇ ಆಡಿದರೂ ಥರ್ಜಾ ಬೇಸರಿಸುತ್ತಿರಲಿಲ್ಲ. "ಮರೀಲಿಲ್ಲ ಕಣ್ರೋ, ನಿಮ್ಮನ್ನೆಲ್ಲ ನೋಡಿ ಬೇಡ ಅಂದ್ಕೊಂಡೆ" ಅನ್ನುತ್ತಿದ್ದಳು. ಅಪ್ಪನ ಮಾತು ಬಂದರೆ ಮಾತ್ರ ಬುಟ್ಟಿ ಎತ್ತಿಕೊಂಡು ಎದ್ದು ಹೋಗುತ್ತಿದ್ದಳು.

ಕೊರಳಿನ ಮಾತು ಸುಳ್ಳೂ ಅಲ್ಲ. ಏವನ್ ಹೊಳೆಯ ಆಚೀಚೆಯ ಈ ಬಯಲೆಲ್ಲ ಆಗ ಪ್ಲಮ್ ತೋಪು. ಫೆಬ್ರವರಿಯಲ್ಲಿ ಮರದಲ್ಲಿ ಎಲೆ ಇರುವುದಿಲ್ಲ, ಹೂವೂ ಇರುವುದಿಲ್ಲ, ಬರೀ ಮೊಗ್ಗು. ಆ ಮೊಗ್ಗಿಗೆ ಬುಲ್‌ಫಿಂಚ್ ಅನ್ನುವ ಹಕ್ಕಿ ಬರುತ್ತಿತ್ತು. ಗುಬ್ಬಿಗಿಂತ ಒಂದು ಸುತ್ತು ದಪ್ಪ, ಕಣ್ಣಿನವರೆಗೂ ಎಳೆದುಕೊಂಡ ಕಪ್ಪು ಟೊಪ್ಪಿ, ಮೊಂಡು ಕೊಕ್ಕು. ಗಂಡಿನ ಎದೆ ಬೂದಿ ಊದಿದ ಮೇಲೆ ಕಾಣುವ ಕೆಂಡದ ಹಾಗೆ. ಹೆಣ್ಣಿನದು ಹಾಲು ಹೆಚ್ಚಾದ ಟೀ ಬಣ್ಣ. ಕಣ್ಣಿಗೆ ಚೆಂದವೇ ಸರಿ, ಆದರೆ ಕೊಂಬೆಯ ಮೇಲೆ ಕೂತಿತೆಂದರೆ ನಿಮಿಷಕ್ಕೆ ಮೂವತ್ತು ಮೊಗ್ಗು ಮುರಿಯುತ್ತಿತ್ತು. ಒಂದು ಜೋಡಿ ಒಂದು ವಾರ ನೆಲೆ ನಿಂತರೆ ಆ ಸಾಲಿನ ಮರಗಳಲ್ಲಿ ಆ ವರ್ಷ ಹಣ್ಣಿಲ್ಲ. ತೋಪಿನವರು ಅದನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, ಮೊಗ್ಗುಕಳ್ಳ ಅಂತಲೇ ಕರೆಯುತ್ತಿದ್ದರು.

ಥರ್ಜಾಳ ಅಪ್ಪ ಏಮಸ್ ತೋಪಿನ ಆಳು. ಚಳಿಗಾಲದಲ್ಲಿ ಅವನಿಗೆ ವಹಿಸಿದ ಕೆಲಸ ಕಳ್ಳರನ್ನು ಹಿಡಿಯುವುದು. ಎರಡು ಖಾನೆಯ ತಂತಿಪಂಜರ. ಒಂದರಲ್ಲಿ ಸಾಕಿದ ಹಕ್ಕಿ ಕೂತು ಕೂಗಬೇಕು, ಇನ್ನೊಂದರ ಬಾಗಿಲು ತೆರೆದಿರಬೇಕು. ಆ ಬಾಗಿಲಿನ ದಾರ ಬೇಲಿಯ ಮರೆಯಲ್ಲಿ ಕೂತ ಒಂಬತ್ತು ವರ್ಷದ ಥರ್ಜಾಳ ಕೈಯಲ್ಲಿ. ಹಕ್ಕಿ ಒಳಗೆ ಹೋದೊಡನೆ ಎಳೆಯಬೇಕು. "ಒಂದನ್ನ ಹಿಡಿದ್ರೆ ಸಾಕು ಮಗಳೇ, ಇನ್ನೊಂದನ್ನ ಹುಡುಕ್ಕೊಂಡು ಹೋಗೋದು ಬೇಡ. ತಾನಾಗೇ ಬರುತ್ತೆ" ಅಂತ ಅಪ್ಪ ಹೇಳಿಕೊಟ್ಟಿದ್ದ. ಬರುತ್ತಲೂ ಇತ್ತು. ಈ ಹಕ್ಕಿ ವರ್ಷವಿಡೀ ಜೋಡಿಯಾಗಿಯೇ ತಿರುಗುವಂಥದ್ದು. ಒಂದು ಒಳಗೆ ಸಿಕ್ಕಿಬಿದ್ದರೆ ಇನ್ನೊಂದು ಹಾರಿಹೋಗುವುದಿಲ್ಲ, ಪಂಜರದ ಮೇಲೆ ಕೂತು ಮೆಲ್ಲಗೆ ಕರೆಯುತ್ತದೆ, ಸಿಕ್ಕಿದ್ದನ್ನು ಪಕ್ಕದ ಖಾನೆಗೆ ಸರಿಸಿ ಬಾಗಿಲು ಮತ್ತೆ ತೆರೆದರೆ ತಾನೂ ಒಳಗೆ ಹೋಗುತ್ತದೆ. ಏಮಸ್ ಕೈ ಹಾಕಿ ತೆಗೆದು, ಹೆಬ್ಬೆರಳಿನಿಂದ ಕೊರಳನ್ನು ಒಮ್ಮೆ ಒತ್ತಿ, ಗೋಣಿಗೆ ಹಾಕುತ್ತಿದ್ದ. ಕ್ರೂರಿಯಲ್ಲ ಅವನು. ಭಾನುವಾರ ಪ್ರಾರ್ಥನೆಗೆ ಹೋಗುವವನು, ನಾಯಿಗೆ ಕೂಡ ಒಂದು ಏಟು ಹೊಡೆದವನಲ್ಲ. ಕೆಲಸ ಅಂದರೆ ಕೆಲಸ ಅಷ್ಟೆ.

ಕಳ್ಳರು ಮುಗಿದರು. ಆಮೇಲೆ ಮರಗಳೂ ಮುಗಿದವು. ಹೊರದೇಶದ ಅಗ್ಗದ ಹಣ್ಣು ಬಂದದ್ದೇ, ತೋಪುಗಳನ್ನು ಬೇರುಸಹಿತ ಕಿತ್ತು ಮನೆಗಳನ್ನು ಕಟ್ಟಿದರು. ಥರ್ಜಾ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದಳು. ಏಮಸನನ್ನು ಕೊನೆಯ ಏಳು ವರ್ಷ ಮಗುವಿನ ಹಾಗೆ ನೋಡಿಕೊಂಡಳು. ಅವನು ತೀರಿಕೊಂಡ ಮರುವಾರ ಪರ್ಶೋರ್ ಪೇಟೆಗೆ ಬಸ್ಸಿನಲ್ಲಿ ಹೋಗಿ ಹಕ್ಕಿಗೆ ಕಾಳು ಹಾಕುವ ಕೊಳವೆಯೊಂದನ್ನು ತಂದು, ಅಡುಗೆಮನೆಯ ಕಿಟಕಿಯ ಎದುರಿಗೆ ಕಬ್ಬಿಣದ ಕಂಬ ನೆಟ್ಟು ನೇತುಹಾಕಿದಳು. ಬಟ್ಟೆ ಒಣಹಾಕುವ ತಂತಿಯನ್ನು ಬಿಚ್ಚಿ ಬೇರೆ ಕಡೆ ಕಟ್ಟಿದಳು. ಹಿಂಬದಿಯ ಮುಳ್ಳುಪೊದೆ, ತುರಿಕೆಸೊಪ್ಪು, ಬೀಜಗಟ್ಟಿದ ಕಳೆ ಒಂದನ್ನೂ ಕೀಳಲಿಲ್ಲ. ಮೊಗ್ಗುಕಳ್ಳನಿಗೆ ಏನು ಇಷ್ಟ ಅನ್ನುವುದು ಅವಳಷ್ಟು ಈ ಕೇರಿಯಲ್ಲಿ ಇನ್ಯಾರಿಗೆ ಗೊತ್ತಿತ್ತು!

ನಾಲ್ಕು ಚಳಿಗಾಲ ಚೇಕಡಿ ಹಕ್ಕಿಗಳು ಬಂದವು, ಕೆಂಪೆದೆಯ ರಾಬಿನ್ ಬಂತು, ಹಸಿರು ಫಿಂಚ್‌ಗಳು ಹಿಂಡುಗಟ್ಟಿಕೊಂಡು ಬಂದು ಜಗಳವಾಡಿದವು. ಐದನೆಯ ಚಳಿಗಾಲದ ಒಂದು ಮುಂಜಾನೆ ಖಾಲಿ ಸೀಸೆಯ ಬಾಯಿಗೆ ಯಾರೋ ಮೆಲ್ಲಗೆ ಊದಿದಂಥ ಸದ್ದು ಕೇಳಿತಂತೆ. ಥರ್ಜಾ ಟೀ ಲೋಟ ಹಿಡಿದವಳು ಹಿಡಿದ ಹಾಗೇ ನಿಂತಳು. ಮೊದಲು ಪೊದೆಯೊಳಗೆ ಬೆನ್ನಿನ ಬಿಳಿ ಮಚ್ಚೆಯೊಂದು ಮಿಂಚಿತು. ಆಮೇಲೆ ಹೆಣ್ಣು ಬಂದು ಕೊಳವೆಯ ಮೇಲೆ ಕೂತಿತು, ಅದರ ಹಿಂದೆ ಗಂಡು. ಚೇಕಡಿಯ ಹಾಗೆ ಕಾಳು ಕಸಿದುಕೊಂಡು ಓಡುವ ಹಕ್ಕಿಯಲ್ಲ ಅದು. ಬಡಿಸಿದ ತಟ್ಟೆಯ ಮುಂದೆ ಕೂತ ನೆಂಟರ ಹಾಗೆ ಕೂತು, ಗಡಿಬಿಡಿಯಿಲ್ಲದೆ ಅಗಿದು, ಕೊಕ್ಕಿನ ಬದಿಗೆಲ್ಲ ಪುಡಿ ಅಂಟಿಸಿಕೊಂಡು, ಆಗಾಗ ಒಂದನ್ನೊಂದು ನೋಡಿ, ಮತ್ತೆ ಅಗಿದು, ಆರು ನಿಮಿಷದ ಮೇಲೆ ಎದ್ದು ಹೋದವು. "ಬಾಯಲ್ಲಿದ್ದ ಟೀಯನ್ನ ನುಂಗಿದ್ರೆ ಎಲ್ಲಿ ಹಾರಿಬಿಡುತ್ವೋ ಅಂತ ಹಾಗೇ ಇಟ್ಕೊಂಡಿದ್ದೆ ಕಣೇ" ಅಂತ ಅವಳು ನನಗೆ ಹೇಳಿದಾಗ ಮುಖ ನೋಡಬೇಕಿತ್ತು.

ಆದರೆ ಅವುಗಳನ್ನು ಅವಳಲ್ಲದೆ ಇನ್ನೊಬ್ಬರು ನೋಡಿದ್ದಿಲ್ಲ. ಯಾರಾದರೂ ಅಡುಗೆಮನೆಗೆ ಕಾಲಿಟ್ಟರೆ ಅವು ಆ ದಿನ ಬರುವುದಿಲ್ಲ. ಪಕ್ಕದ ಮನೆಯ ಡೆರಿಕ್, ಬಸ್ ಓಡಿಸಿ ನಿವೃತ್ತನಾದವನು, ಬೇಲಿಯ ಮೇಲೆ ಗದ್ದ ಊರಿ ದಿನಾ ಕಾಡುತ್ತಿದ್ದ.

"ಏನೇ ಥರ್ಜಾ, ನಿನ್ನ ಅದೃಶ್ಯ ನೆಂಟರು ಬಂದಿದ್ರಾ ಇವತ್ತು?"

"ಬಂದಿದ್ರು. ಬೇಲಿ ಮೇಲೆ ಒಂದು ಕುಂಬಳಕಾಯಿ ಇಟ್ಟಿದ್ದೀರಲ್ಲ, ಅದನ್ನ ತೆಗೀರಿ, ಭಯ ಆಗುತ್ತೆ ಅಂತ ಹೇಳಿ ಹೋದ್ರು."

"ನೀನು ನೋಡಿದ್ದು ರಾಬಿನ್ ಇರ್ಬೇಕು ಮಾರಾಯ್ತಿ. ಕನ್ನಡಕ ಒರೆಸ್ಕೊ."

ಇಲ್ಲಿ ಎಣಿಕೆಯ ವಿಷಯ ಹೇಳಬೇಕು. ಜನವರಿಯ ಕೊನೆಯ ಶನಿವಾರ ಭಾನುವಾರ ದೇಶಕ್ಕೆ ದೇಶವೇ ಕಿಟಕಿಯ ಮುಂದೆ ಕೂರುತ್ತದೆ. ಒಂದು ಗಂಟೆ ಹೊತ್ತು, ತನ್ನ ಹಿತ್ತಲಲ್ಲಿ ಇಳಿದ ಹಕ್ಕಿ ಯಾವುದು, ಒಂದೇ ಸಲಕ್ಕೆ ಎಷ್ಟು ಕಂಡವು ಅಂತ ಕಾಗದದಲ್ಲಿ ಬರೆದು ಹಕ್ಕಿ ಸಂಘದವರಿಗೆ ಅಂಚೆಗೆ ಹಾಕಬೇಕು. ಮೇಲೆ ಹಾರಿಹೋದದ್ದು ಲೆಕ್ಕಕ್ಕಿಲ್ಲ. ಗಂಟೆ ಮುಗಿದ ಮೇಲೆ ಬಂದದ್ದೂ ಇಲ್ಲ. ನಾವೆಲ್ಲ ಅಷ್ಟಿಷ್ಟು ಮೋಸ ಮಾಡುವವರೇ. ನಾನಂತೂ ಮರಕುಟಿಗ ಒಂದನ್ನು ಎರಡು ವರ್ಷ ಸುಮ್ಮನೆ ಬರೆದಿದ್ದೇನೆ. ಥರ್ಜಾ ಬರೆದವಳಲ್ಲ. ಅವಳ ಜೋಡಿ ಎಣಿಕೆಗೆ ಹಿಂದಿನ ದಿನ ಬರುತ್ತಿತ್ತು, ಮರುದಿನ ಬರುತ್ತಿತ್ತು, ಆ ಗಂಟೆಗೆ ಸರಿಯಾಗಿ ಮಾಯ. ಹೀಗೆ ಹನ್ನೊಂದು ಚಳಿಗಾಲ ಬುಲ್‌ಫಿಂಚ್ ಅನ್ನುವ ಸಾಲಿನ ಎದುರಿಗೆ ಅವಳ ಕಾಗದ ಖಾಲಿ. ಒಮ್ಮೆ, ಅಷ್ಟು ಹಠ ಯಾಕೆ ಅಂತ ಕೇಳಿದೆ. "ದಾರ ಎಳೆದೋಳು ನಾನು ಕಣೇ. ಈ ಕೇರೀಲಿ ಇನ್ನಿಲ್ಲ ಅನ್ನೋ ಹಾಗೆ ಮಾಡಿದೋರು ಅಪ್ಪಾನೂ ನಾನೂ. ಇವೆ ಅಂತ ಒಂದ್ಸಲ ನನ್ನ ಕೈಯಿಂದ್ಲೇ ಬರೀಬೇಕು. ನಿಜವಾಗಿ ನೋಡಿ ಬರೀಬೇಕು" ಅಂದಳು.

ಜೋಡಿ ಬರತೊಡಗಿದ ಮೇಲಿನ ಹನ್ನೆರಡನೆಯ ಚಳಿಗಾಲ ಅದು. ಜನವರಿ ಎರಡನೆಯ ವಾರ ಹಸಿರು ಫಿಂಚ್ ಒಂದು ಕೊಳವೆಯ ಕೆಳಗೆ ನೆಲದ ಮೇಲೆ ಉಂಡೆಯಾಗಿ ಕೂತಿತ್ತು. ಹತ್ತಿರ ಹೋದರೂ ಏಳದು. ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ತೆರೆದು ಮಾಡುತ್ತಿತ್ತು. ಚಳಿ ಅಂದುಕೊಂಡ ಥರ್ಜಾ ಅದರ ಮುಂದೆ ಇನ್ನೊಂದು ಹಿಡಿ ಬೀಜ ಚೆಲ್ಲಿದಳು. ಸಂಜೆಗೆ ಅದು ಸತ್ತಿತ್ತು. ಮರುದಿನ ಇನ್ನೆರಡು. ಸೋಮವಾರ ಎದುರು ಮನೆಯ ಗೆಮ್ಮಾ, ಊರ ಪಶುವೈದ್ಯರ ಹತ್ತಿರ ನರ್ಸ್ ಆಗಿರುವ ಹುಡುಗಿ, ಕೆಲಸಕ್ಕೆ ಹೊರಟವಳು ಬೇಲಿಯ ಬಳಿ ಬಿದ್ದಿದ್ದ ಹಕ್ಕಿಯನ್ನು ಎತ್ತಿ ಕೊಕ್ಕು ಬಿಡಿಸಿ ನೋಡಿದಳು. ನಾನೂ ಅಲ್ಲೇ ಇದ್ದೆ.

"ಥರ್ಜಾ, ಇದು ಚಳಿಯಲ್ಲ. ಗಂಟಲಿನ ರೋಗ. ನೋಡಿ, ಒಳಗೆಲ್ಲ ಹುಣ್ಣು, ಕಾಳು ನುಂಗೋಕೇ ಆಗಲ್ಲ. ಬಾಯಿಗೆ ತಗೊಂಡು ಮತ್ತೆ ಉಗುಳುತ್ವೆ, ಆ ಎಂಜಲನ್ನ ಇನ್ನೊಂದು ತಿನ್ನುತ್ತೆ. ಕೊಳವೆ ಇವತ್ತೇ ಇಳಿಸಿ. ಎಲ್ಲಾ ತೊಳೆದು, ಮೂರ್ನಾಲ್ಕು ವಾರ ಏನೂ ಹಾಕ್ಬೇಡಿ. ಹಕ್ಕಿಗಳು ಚೆದುರಿ ಹೋಗ್ಲಿ."

"ಮೂರ್ನಾಲ್ಕು ವಾರಾನಾ? ಮುಂದಿನ ಶನಿವಾರದ ಮುಂದಿನ ಶನಿವಾರ ಎಣಿಕೆ ಅಲ್ವೇನಮ್ಮ?"

"ಎಣಿಕೆ ಮುಂದಿನ ವರ್ಷಾನೂ ಇರುತ್ತೆ."

"ನನಗೆ ಅರವತ್ತೇಳು. ಮುಂದಿನ ವರ್ಷ ಅನ್ನೋದನ್ನ ನೀನು ಹೇಳ್ಬಹುದು. ಹನ್ನೆರಡೇ ದಿನ ಗೆಮ್ಮಾ. ಕುದಿಯೋ ನೀರಲ್ಲಿ ತೊಳೀತೀನಿ. ದಿನಾ ತೊಳೀತೀನಿ, ಬೇಕಾದ್ರೆ."

"ತೊಳೆದು ಮತ್ತೆ ನೇತುಹಾಕಿದ್ರೆ ರೋಗದ ಹಕ್ಕೀನೂ ಅಲ್ಲಿಗೇ ಬರುತ್ತಲ್ಲ..."

"ಬುಲ್‌ಫಿಂಚ್ ಹಸಿರು ಫಿಂಚ್‌ಗಳ ಜೊತೆ ಸೇರಲ್ಲ. ಮುಂಜಾನೆ ಬೇಗ ಬಂದು ಹೋಗಿಬಿಡುತ್ವೆ. ಆ ಹಕ್ಕಿ ನನಗೆ ಗೊತ್ತು, ನಿನಗಿಂತ ಚೆನ್ನಾಗಿ ಗೊತ್ತು."

ಗೆಮ್ಮಾ ನನ್ನ ಮುಖ ನೋಡಿದಳು. ನಾನು ಆಗ ಒಂದು ಮಾತು ಹೇಳಬಹುದಿತ್ತು. ಹನ್ನೊಂದು ವರ್ಷ ಕಾದವಳಿಗೆ ಏನು ಹೇಳುವುದು ಅಂತ ಸುಮ್ಮನಾದೆ. ನಿಜ ಹೇಳಬೇಕೆಂದರೆ ನನ್ನ ಹಿತ್ತಲಿನ ಕೊಳವೆಯನ್ನೂ ನಾನು ಇಳಿಸಿರಲಿಲ್ಲ, ಎಣಿಕೆ ಮುಗಿಯಲಿ ಅಂತಲೇ. ಕೇರಿಯಲ್ಲಿ ಅರ್ಧಕ್ಕರ್ಧ ಜನ ಹಾಗೇ ಮಾಡಿದ್ದರು.

ಥರ್ಜಾ ಮಾತು ಉಳಿಸಿಕೊಂಡಳು. ದಿನಾ ಮಧ್ಯಾಹ್ನ ಕೊಳವೆಯನ್ನೂ ಅದರ ಕೆಳಗಿನ ತಟ್ಟೆಯನ್ನೂ ಕುದಿಯುವ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ ಮತ್ತೆ ಹಾಕಿದಳು. ನೆಲದ ಮೇಲೆ ಬಿದ್ದ ಎಂಜಲು ಕಾಳು ಗುಡಿಸಿದಳು. ದಿನಕ್ಕೆ ಒಂದೋ ಎರಡೋ ಹಸಿರು ಫಿಂಚ್‌ಗಳನ್ನು ಹೂಳಿದಳು. ಜೋಡಿ ಬರುತ್ತಲೇ ಇತ್ತು, ಗಟ್ಟಿಮುಟ್ಟಾಗಿ ಇತ್ತು. "ನೋಡಿದ್ಯಾ, ಏನೂ ಆಗಿಲ್ಲ" ಅಂತ ಅವಳು ಪ್ರತಿ ಸಂಜೆ ನನಗೆ ಹೇಳುತ್ತಿದ್ದಳು. ನಾನು ಕೇಳದೇ ಇದ್ದರೂ ಹೇಳುತ್ತಿದ್ದಳು.

ಎಣಿಕೆಯ ಶನಿವಾರ ಡೆರಿಕನನ್ನೂ ನನ್ನನ್ನೂ ಸಾಕ್ಷಿಗೆ ಕರೆದಳು. ಅಡುಗೆಮನೆಯ ಕಿಟಕಿಗೆ ಹಳೆಯ ಪರದೆ ಕಟ್ಟಿ, ಅದರಲ್ಲಿ ಮೂರು ತೂತು ಕತ್ತರಿಸಿದ್ದಳು. ಡೆರಿಕ್‌ನದು ಸ್ವಲ್ಪ ದೊಡ್ಡದು. ಅವನ ಮೂಗು ನೋಡಿಯೇ ಕತ್ತರಿಸಿದ್ದಂತೆ. ಬೆಳಕು ಹರಿಯುವ ಎಂಟಕ್ಕೇ ಶುರು. ಗುಬ್ಬಿ ಆರು, ರಾಬಿನ್ ಒಂದು, ಪಾರಿವಾಳ ಎರಡು, ಚೇಕಡಿ ನಾಲ್ಕು. ಹಸಿರು ಫಿಂಚ್ ಮೂರು. ಹಿಂದಿನ ವರ್ಷ ಅವು ಇಪ್ಪತ್ತಮೂರು ಇದ್ದವು. ಥರ್ಜಾ ಅದನ್ನು ಬರೆದು ಮತ್ತೆ ತೂತಿಗೆ ಕಣ್ಣಿಟ್ಟಳು. ಅರ್ಧ ಗಂಟೆಯಾಯಿತು. ಮುಕ್ಕಾಲಾಯಿತು.

"ನನ್ನ ಕಾಲು ಜೋಮು ಹಿಡೀತು ಥರ್ಜಾ. ನಿನ್ನ ನೆಂಟರಿಗೆ ಬಸ್ ತಪ್ಪಿರ್ಬೇಕು" ಅಂತ ಡೆರಿಕ್ ಪಿಸುಗುಟ್ಟಿದ.

"ಬಾಯ್ಮುಚ್ಚು" ಅಂದಳು. ಅಷ್ಟರಲ್ಲಿ ಸೀಸೆ ಊದಿದ ಸದ್ದು.

ನನ್ನ ಜನ್ಮದಲ್ಲಿ ನಾನು ಬುಲ್‌ಫಿಂಚನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹೆಣ್ಣು ಕೊಳವೆಯ ಮೇಲೆ ಇಳಿಯಿತು. ಗಂಡು ಕೆಳಗೆ ತಟ್ಟೆಯ ಅಂಚಿನಲ್ಲಿ. ಆ ಬೂದುಬಣ್ಣದ ಬೆಳಗಿನಲ್ಲಿ, ಒಣಗಿದ ಕಳೆಯ ನಡುವೆ, ಆ ಕೆಂಪು! ಡೆರಿಕ್ ತೂತಿನಿಂದ ಕಣ್ಣು ತೆಗೆಯದೆ, "ದೇವರೇ, ಇವೆ ಕಣೇ. ನಿಜವಾಗ್ಲೂ ಇವೆ" ಅಂದ. ಅವನ ದನಿಯಲ್ಲಿ ಗೇಲಿ ಎಳ್ಳಷ್ಟೂ ಇರಲಿಲ್ಲ. ಥರ್ಜಾ ಪೆನ್ಸಿಲ್ ಹಿಡಿದು ಆ ಸಾಲಿನ ಎದುರಿಗೆ ಎರಡು ಅಂತ ಬರೆದಳು. ಅಂಕೆ ಸೊಟ್ಟಗಾಯಿತು. ಅಳಿಸಲಿಲ್ಲ. ಅವಳ ಕೆನ್ನೆ ಒದ್ದೆಯಾಗಿತ್ತು, ನಗುತ್ತಲೂ ಇದ್ದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ.

ಹೆಣ್ಣು ತಿಂದು ಮುಗಿಸಿ ಪೊದೆಗೆ ಹಾರಿತು, ಅಲ್ಲಿಂದ ಕರೆಯಿತು. ಗಂಡು ಏಳಲಿಲ್ಲ.

"ಹೊಟ್ಟೆಬಾಕ" ಅಂದ ಡೆರಿಕ್.

ಥರ್ಜಾ ನಗಲಿಲ್ಲ. ಗಂಡಿನ ಮುಂದೆ ಬೀಜ ಹಾಗೇ ಇತ್ತು. ಒಂದನ್ನು ಕೊಕ್ಕಿಗೆ ತೆಗೆದುಕೊಂಡಿತು, ಕೊರಳು ಮುಂದಕ್ಕೆ ಚಾಚಿತು, ಬಾಯಿಂದ ನೂಲಿನಂಥ ಜೊಲ್ಲು ಇಳಿಯಿತು, ಬೀಜ ತಟ್ಟೆಗೆ ಬಿತ್ತು. ಪುಕ್ಕ ಉಬ್ಬಿಸಿಕೊಂಡು ಕೂತಿತು. ಹೆಣ್ಣು ಮತ್ತೆ ಕರೆಯಿತು. ಥರ್ಜಾ ಪರದೆಯನ್ನು ಕಿತ್ತೆಸೆದು ಹಿತ್ತಲಿಗೆ ಓಡಿದಳು. ಅವಳು ಅಷ್ಟು ಹತ್ತಿರ ಹೋದರೂ ಅದು ಹಾರಲಿಲ್ಲ. ಬಗ್ಗಿ ಎರಡೂ ಕೈಯಲ್ಲಿ ಎತ್ತಿಕೊಂಡಳು. ಮಗುವಾಗಿದ್ದಾಗಿನ ಅಭ್ಯಾಸ ಕೈಗೆ ಮರೆತಿರಲಿಲ್ಲ, ಹಿಡಿದ ರೀತಿ ಅಷ್ಟು ಸಲೀಸು.

ರಾತ್ರಿಯಾಗುವ ಮೊದಲೇ ಅದು ಬೂಟಿನ ಡಬ್ಬಿಯಲ್ಲಿ ಸತ್ತಿತು. ಗೆಮ್ಮಾ ಬಂದಿದ್ದಳು. "ಬೇರೆ ಕಡೆಯಿಂದ್ಲೂ ಹತ್ತಿರ್ಬಹುದು ಥರ್ಜಾ. ಇಂಥಲ್ಲೇ ಅಂತ ಯಾರೂ ಹೇಳೋಕಾಗಲ್ಲ" ಅಂದಳು, ಮೆತ್ತಗೆ.

"ಬೇರೆ ಕಡೆ ಯಾರು ಸಿಪ್ಪೆ ಸುಲಿದು ಇಡ್ತಿದ್ರು ಅದಕ್ಕೆ?" ಅಂದಳು ಥರ್ಜಾ. "ನಮ್ಮಪ್ಪನಿಗೆ ಕೂಳಿನ ಪ್ರಶ್ನೆ ಇತ್ತು. ತೋಪಿನವರು ಹೇಳಿದ್ರು, ಮಾಡಿದ. ನನಗೆ ಯಾರು ಹೇಳಿದ್ರು? ಬೇಡ ಅಂತ ಹೇಳಿದ್ರು. ಒಂದು ಕಾಗದ ತುಂಬೋಕೆ ಮಾಡ್ದೆ." ಗೆಮ್ಮಾ ಅವಳ ಕೈ ಹಿಡಿಯಲು ಹೋದಳು. ಥರ್ಜಾ ಕೈ ಕೊಡಲಿಲ್ಲ. "ಬೇಡಮ್ಮ. ಮೊದಲು ಸೋಪು ಹಾಕಿ ತೊಳೀಬೇಕು."

ಭಾನುವಾರ ಕಂಬದಿಂದ ಎಲ್ಲವನ್ನೂ ಇಳಿಸಿದಳು. ಕೊಳವೆ, ತಟ್ಟೆ ಎರಡನ್ನೂ ತೊಳೆಯಲೂ ಇಲ್ಲ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿ ಕಸದ ಡಬ್ಬಕ್ಕೆ ಹಾಕಿದಳು. ನಾವೂ ನಮ್ಮ ನಮ್ಮ ಹಿತ್ತಲಲ್ಲಿ ಇಳಿಸಿದೆವು, ಒಬ್ಬರ ಮುಖ ಒಬ್ಬರು ನೋಡದೆ. ಎಣಿಕೆಯ ಕಾಗದ ಮೇಜಿನ ಮೇಲಿತ್ತು. ಹರಿದುಬಿಡು ಅಂತ ನಾನಂದೆ. "ಯಾಕೆ ಹರೀಲಿ? ಆ ಗಂಟೇಲಿ ಎರಡಿದ್ವು, ಸುಳ್ಳೇನಲ್ಲ. ನಾನು ಏನು ಕೊಟ್ಟು ಇದನ್ನ ಬರೆದೆ ಅಂತ ಬರಿಯೋಕೆ ಇದರಲ್ಲಿ ಜಾಗ ಇಲ್ಲ ಅಷ್ಟೆ" ಅಂದು, ಲಕೋಟೆಗೆ ಹಾಕಿ, ಕೋಟು ತೊಟ್ಟು ತಾನೇ ಹೋಗಿ ಅಂಚೆಪೆಟ್ಟಿಗೆಗೆ ಹಾಕಿಬಂದಳು.

ಮಂಗಳವಾರ ಹೆಣ್ಣು ಬಂತು. ಬೋಳು ಕಂಬದ ಮೇಲೆ ಕೂತು ಕರೆಯಿತು. ಗೆಮ್ಮಾ ಹೇಳಿದ ಗಡುವು ಮುಗಿಯದೆ ಒಂದು ಕಾಳೂ ಹಾಕುವಂತಿಲ್ಲ. ಈ ಸಲ ಥರ್ಜಾ ಹಾಕಲಿಲ್ಲ. ಬುಧವಾರ ಬಂತು, ಗುರುವಾರ ಬಂತು. ಮೊದಲು ಮನುಷ್ಯರ ನೆರಳಿಗೂ ಹಾರುತ್ತಿದ್ದ ಹಕ್ಕಿ ಈಗ ಕಿಟಕಿಯ ದಂಡೆಗೇ ಬಂದು ಕೂರುತ್ತಿತ್ತು. ಹಸಿವಿಗೋ, ಗಂಡನ್ನು ಹುಡುಕಿಯೋ ಯಾರಿಗೆ ಗೊತ್ತು. ಗಂಡು ಸತ್ತ ಬೂಟಿನ ಡಬ್ಬಿಯನ್ನು ಅವತ್ತು ಇಟ್ಟಿದ್ದು ಆ ಕಿಟಕಿಯ ಒಳಗೇ. ಥರ್ಜಾ ಅಡುಗೆಮನೆಯಲ್ಲಿ ಕೂರುವುದನ್ನು ಬಿಟ್ಟಳು. ಟೀ ಕೆಟಲನ್ನು ಮುಂದಿನ ಕೋಣೆಗೆ ಸಾಗಿಸಿದಳು. ಬ್ರೆಡ್ಡನ್ನು ಅಲ್ಲೇ ತಿನ್ನುತ್ತಿದ್ದಳು. "ಕರೆಯೋದು ಅಲ್ಲಿಗೂ ಕೇಳುತ್ತೆ ಕಣೇ" ಅಂದಳು ಒಂದು ದಿನ. ನಾನು ರೇಡಿಯೋ ಹಾಕಿಕೊ ಅಂದೆ. ಹಾಕಿಕೊಂಡಳು.

ಹದಿನಾರು ದಿನ ಬಂತು ಅದು. ಆಮೇಲೆ ಬರಲಿಲ್ಲ. ಬೇಲಿಯ ಬುಡದಲ್ಲೆಲ್ಲ ಡೆರಿಕ್ ಹುಡುಕಿ ನೋಡಿದ. ಏನೂ ಸಿಗಲಿಲ್ಲ, ಸಿಗದಿದ್ದದ್ದೇ ಒಳ್ಳೆಯದೇನೋ ಅಂತ ಹೇಳಿದ.

ಮಾರ್ಚಿನಲ್ಲಿ, ಮನೆ ಬಾಡಿಗೆಗೆ ಕೊಟ್ಟಿದ್ದ ಊರ ಕೌನ್ಸಿಲಿಗೆ ಕಾಗದ ಬರೆದು ಮನೆ ಬಿಡುತ್ತೇನೆಂದು ತಿಳಿಸಿದಳು. ಅವಳ ತಂಗಿ ಲೋಯಿಸ್ ಚೆಲ್ಟನ್‌ಹ್ಯಾಮಿನಲ್ಲಿ ಮೂರನೆಯ ಮಹಡಿಯ ಫ್ಲಾಟಿನಲ್ಲಿ ಇದ್ದಳು. ಡೆರಿಕ್ ವಿಚಾರಿಸಿಕೊಂಡು ಬಂದು ಹೇಳಿದ.

"ಅಲ್ಲಿ ಬಾಲ್ಕನೀಲಿ ಹಕ್ಕಿಗೆ ಏನೂ ಹಾಕೋ ಹಾಗಿಲ್ವಂತೆ ಥರ್ಜಾ. ಬೋರ್ಡೇ ಹಾಕಿದ್ದಾರಂತೆ."

"ಗೊತ್ತು. ಅದಕ್ಕೇ ಹೋಗ್ತಿರೋದು."

"ನಾನಿನ್ನು ಯಾರನ್ನ ಕಾಡ್ಸಲಿ ಹೇಳು?"

"ನಿನ್ನ ಹೆಂಡ್ತಿ ಇದ್ದಾಳಲ್ಲ. ಪಾಪ, ನಲವತ್ತು ವರ್ಷದಿಂದ ಪುರುಸೊತ್ತಾಗಿ ಇದ್ಲು."

ಹೊರಡುವ ದಿನ ಲೋಯಿಸಳ ಮಗಳು ಕಾರು ತಂದಿದ್ದಳು. ನಮ್ಮ ಕೇರಿಯಲ್ಲಿ ಹೋಗುವುದು ಬರುವುದು ಎಲ್ಲ ಹಿತ್ತಲ ಬಾಗಿಲಿನಿಂದ. ಮುಂಬಾಗಿಲು ಹೆಣ ಹೊರುವಾಗ, ಹುಡುಗಿಯನ್ನು ಮದುವೆಗೆ ಕಳಿಸುವಾಗ ತೆರೆದದ್ದು ಬಿಟ್ಟರೆ ಮುಚ್ಚಿಯೇ ಇರುತ್ತದೆ. ಥರ್ಜಾಳ ಮನೆಯ ಮುಂಬಾಗಿಲು ಕೊನೆಯ ಸಲ ತೆರೆದದ್ದು ಏಮಸನನ್ನು ಹೊತ್ತುಕೊಂಡು ಹೋದ ದಿನ. ನಾವೆಲ್ಲ ಪೆಟ್ಟಿಗೆ ಹಿಡಿದು ಅಭ್ಯಾಸದಂತೆ ಬೋಳು ಕಂಬವಿದ್ದ ಹಿತ್ತಲ ಕಡೆ ತಿರುಗಿದೆವು. ಥರ್ಜಾ ಮಾತ್ರ ಮುಂದಿನ ಕೋಣೆಯಲ್ಲಿ ನಿಂತು, "ಡೆರಿಕ್, ಇಲ್ಲಿ ಬಾ. ಇದನ್ನ ತೆಗೆದುಕೊಡು" ಅಂದಳು.

ಮರ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಡೆರಿಕ್ ಚಿಲಕ ಹಿಡಿದು ಎಳೆದ, ಉಳಿ ತಂದು ಅಂಚು ಬಿಡಿಸಿದ, ಬಾಗಿಲಿಗೂ ಹವಾಮಾನಕ್ಕೂ ಸೇರಿಸಿ ಬೈದ. ಹಿತ್ತಲ ಬಾಗಿಲು ಹತ್ತು ಹೆಜ್ಜೆಯಲ್ಲೇ ಇದೆಯಲ್ಲ ಅಂತ ಒಬ್ಬರೂ ಹೇಳಲಿಲ್ಲ. ಕೊನೆಗೆ ಥರ್ಜಾ ತಾನೂ ಒಂದು ಕೈ ಹಾಕಿದಳು. ಇಬ್ಬರೂ ಸೇರಿ ಎಳೆದಾಗ ಬಾಗಿಲು ಒಮ್ಮೆಲೇ ಬಿಟ್ಟುಕೊಂಡಿತು. ಹಳೆಯ ಹಸಿರು ಬಣ್ಣದ ಚಕ್ಕೆಗಳು ಅವಳ ಕೋಟಿನ ತೋಳಿನ ಮೇಲೆಲ್ಲ ಉದುರಿದವು. ಅದನ್ನು ಕೊಡವಲೂ ನಿಲ್ಲದೆ, ಕೀಲಿಕೈಯನ್ನು ಡೆರಿಕನ ಅಂಗೈಗೆ ಒತ್ತಿ, "ಹಿಂದಿನದಕ್ಕೆ ನೀನೇ ಬೀಗ ಹಾಕ್ಬಿಡು" ಅಂದು ಹೊಸ್ತಿಲು ದಾಟಿದಳು.